ಶಿಲೆಯ ಬರಹ, ಮರಳಿನ ಅಭ್ಯಾಸ

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಆವನಿಯ ಬೆಟ್ಟದಲ್ಲಿ ಆದಿಕವಿ ವಾಲ್ಮೀಕಿಯ ಆಶ್ರಮವಿದ್ದಿತೆಂದೂ ಲವಕುಶರು ಹುಟ್ಟಿ ಬೆಳೆದುದು ಅಲ್ಲಿಯೇ ಎಂದೂ ಸ್ಥಳಪುರಾಣ ಹೇಳುತ್ತದೆ. ಪುರಾಣದ ಮಾತು ಶ್ರದ್ಧೆಗೆ ಸೇರಿದುದು. ರಾಮಲಿಂಗೇಶ್ವರನ ದೇವಾಲಯಸಮೂಹವೂ ನೊಳಂಬ ಅರಸರ ಕಾಲದ ಶಾಸನಗಳೂ ಚರಿತ್ರೆಗೆ ಸೇರಿದುವು. ಬರವಣಿಗೆಯನ್ನು ಸಾಧಿಸಬಯಸುವವನಿಗೆ ಈ ಶಾಸನಗಳಿಂದ ಕಲಿಯತಕ್ಕ ಪಾಠವೊಂದುಂಟು.

ತ್ರಿಭುವನಕರ್ತರದೇವರೆಂಬ ಶೈವಾಚಾರ್ಯರು ಆವನಿಯ ಸ್ಥಾನವನ್ನು 40 ವರ್ಷಗಳ ಕಾಲ ಆಳಿ, 50 ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿ, ಕ್ರಿ.ಶ. 961ರಲ್ಲಿ ದೇಹವನ್ನು ಬಿಟ್ಟರೆಂದು ಇಲ್ಲಿಯ ಶಾಸನವೊಂದು ತಿಳಿಸುತ್ತದೆ. ಹೀಗೆ ಕಲ್ಲಿನಲ್ಲಿ ಕೆತ್ತಿದ ಅಕ್ಷರವನ್ನು ಅಳಿಸುವಂತಿಲ್ಲ, ಬಿಟ್ಟುಹೋದ ಮಾತನ್ನು ನಡುವೆ ತುರುಕುವಂತಿಲ್ಲ. ಆದುದರಿಂದ ಉಳಿ ಕಲ್ಲನ್ನು ಮುಟ್ಟುವ ಮುನ್ನವೇ ವಾಕ್ಯವು ಪೂರ್ಣವಾಗಿ ರೂಪುಗೊಂಡಿರಬೇಕಾಗಿದ್ದಿತು. ನಮ್ಮ ನಾಡಿನ ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರೂ ಕಂಡರಿಸಿದವನ ಹೆಸರೂ ಬೇರೆಬೇರೆಯಾಗಿ ಕಾಣುವುದುಂಟು: ಅಕ್ಷರದ ಹೊಣೆಯನ್ನು ಹೆಸರಿಟ್ಟು ಹೊರುವುದು ಆಗಿನವರ ಮರ್ಯಾದೆ. ಶಾಸನತಜ್ಞ ಬಿ.ಎಲ್. ರೈಸರು ಕೋಲಾರ ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದ ಮೇಲೆ ಅವು ಎಲ್ಲರ ಓದಿಗೂ ದೊರೆತುವು.

ಆದರೆ ಯಾರೂ ಶಿಲೆಯ ಮೇಲೆಯೇ ಅಕ್ಷರವನ್ನು ಕಲಿತವರಲ್ಲ. ಹಿಂದಿನ ಕೂಲಿಮಠಗಳಲ್ಲಿ ಹುಡುಗರು ನೆಲದ ಮೇಲೆ ಹರವಿದ ಮರಳಿನಲ್ಲಿ ಬೆರಳಿಟ್ಟು, ಬಾಯಿಂದ ಉಚ್ಚರಿಸುತ್ತ ಅಕ್ಷರವನ್ನು ತಿದ್ದುತ್ತಿದ್ದರು. ಮಠದ ಉಪಾಧ್ಯಾಯರಾದ ಐಗಳು ಒಪ್ಪುವವರೆಗೆ ಅಳಿಸಿ ಮತ್ತೆ ತಿದ್ದುವುದೇ ಅವರ ಪಾಠ. ಹುಣಸೆಬೀಜದ ಸರಿಯಲ್ಲಿ ಇದ್ದಿಲಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಡತದ ಮೇಲೆ ಶಾನುಭೋಗರೂ ವರ್ತಕರೂ ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಬೇಡವಾದುದನ್ನು ಒರಸಿ, ಮಸಿ ಬಳಿದು, ಅದೇ ಹಾಳೆಯನ್ನು ಮತ್ತೆ ಬಳಸುತ್ತಿದ್ದರು.

ಅಂತಹ ಅಭ್ಯಾಸದಿಂದ ಬರಹವನ್ನು ಸಾಧಿಸಿದ ಇಬ್ಬರು ಲೇಖಕರು ಈ ಕೋಲಾರ ಸೀಮೆಯವರೇ: 1887ರಲ್ಲಿ ಮುಳಬಾಗಿಲಿನಲ್ಲಿ ಡಿ.ವಿ. ಗುಂಡಪ್ಪನವರೂ, 1891ರಲ್ಲಿ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರೂ ಜನಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನೂ ದಾಟದಿದ್ದ ಗುಂಡಪ್ಪನವರು ಪತ್ರಿಕೆಯ ನಿತ್ಯದ ದುಡಿಮೆಯಲ್ಲಿ ಲೇಖನಿಯನ್ನು ಪಳಗಿಸಿ, 1943ರಲ್ಲಿ ಮಂಕುತಿಮ್ಮನ ಕಗ್ಗವನ್ನು ಕೊಟ್ಟರು. ಮನೆಯ ಮಾತು ತಮಿಳಾಗಿದ್ದ ಮಾಸ್ತಿಯವರು ಸರ್ಕಾರಿ ಅಧಿಕಾರದ ಹೊರೆಯ ನಡುವೆಯೂ ಕನ್ನಡದಲ್ಲಿ ಕತೆ ಬರೆಯುವುದನ್ನು ಬಿಡದೆ, 1920ರಲ್ಲಿ ಮೊದಲ ಕಥಾಸಂಕಲನವನ್ನು ಹೊರತಂದು, 1983ರ ಜ್ಞಾನಪೀಠ ಪುರಸ್ಕಾರದವರೆಗೂ ನಡೆದರು. ಇವರಿಬ್ಬರ ಗದ್ಯದಲ್ಲಿ ಕಾಣುವ ಸರಳತೆ ದೀರ್ಘಾಭ್ಯಾಸದ ಫಲವೇ ಹೊರತು ಆಕಸ್ಮಿಕವಲ್ಲ.

ಬರಹವನ್ನು ಉತ್ತಮಪಡಿಸಿಕೊಳ್ಳುವ ವಿದ್ಯೆಗೆ ಎರಡು ಅಂಗಗಳಿವೆಯೆಂಬುದನ್ನು ಈ ಸೀಮೆಯ ಚರಿತ್ರೆ ಸ್ಪಷ್ಟಪಡಿಸುತ್ತದೆ: ಅಭ್ಯಾಸದಲ್ಲಿ ಅಳಿಸಲು ಬೇಸರಪಡದ ತಾಳ್ಮೆ ಒಂದು, ಪ್ರಕಟಿಸುವಾಗ ಅಳಿಸಲಾಗದೆಂಬ ಎಚ್ಚರ ಮತ್ತೊಂದು. ಲೇಖಕರಾಗಬಯಸುವ ತರುಣರು ದಿನಕ್ಕೊಂದು ಪುಟವನ್ನಾದರೂ ಬರೆಯಲಿ, ಬರೆದುದನ್ನು ನಿರ್ದಾಕ್ಷಿಣ್ಯವಾಗಿ ತಿದ್ದಲಿ. ಅನಂತರ, ತಮ್ಮ ಹೆಸರಿಟ್ಟು ಕಲ್ಲಿನಲ್ಲಿ ಕಂಡರಿಸಲು ಒಪ್ಪುವಂತಹ ಮಾತನ್ನು ಮಾತ್ರ ಲೋಕದ ಮುಂದಿಡಲಿ.