ಪೆನ್ ಡ್ರೈವ್ ತೆರೆಯಲು ಯಾರ ಅಪ್ಪಣೆ?

ಲಿನಕ್ಸ್‌ನಲ್ಲಿ ಪೆನ್ ಡ್ರೈವ್ ಸಿಕ್ಕಿಸಿದರೆ ತಾನಾಗಿ ತೆರೆದುಕೊಳ್ಳುವುದು ಈಗ ಮಾಮೂಲು. ಹಿಂದೆ ಹಾಗಿರಲಿಲ್ಲ ಸ್ವಾಮಿ. ‘ಮೌಂಟ್’ ಅಂತ ಆಜ್ಞೆ ಕೊಡಬೇಕು, ಅದನ್ನು ಕೊಡುವ ಹಕ್ಕು ‘ರೂಟ್’ ಎಂಬ ಯಜಮಾನನಿಗೆ ಮಾತ್ರ. ನಾನು ಓದಿದ್ದು ಬಿ.ಕಾಂ., ಮುಂಬೈಯ ಬ್ಯಾಂಕುಗಳಲ್ಲೇ ತಲೆ ಬೆಳ್ಳಗಾಯಿತು. ಹಾಗಾಗಿ ನನಗೆ ಇದು ಲಾಕರ್ ರೂಮಿನ ಕಥೆಯಂತೆಯೇ ಕಾಣುತ್ತದೆ.

ಯಾಕಪ್ಪಾ ಇಷ್ಟು ಬಿಗಿ? ಕಾರಣ ಯುನಿಕ್ಸ್ ಕಾಲದ್ದು. ಬೆಲ್ ಲ್ಯಾಬ್ಸ್‌ನ ಡೆನ್ನಿಸ್ ರಿಚಿ ‘ಸೆಟ್‌ಯುಐಡಿ’ ಎಂಬ ಗುರುತನ್ನು ಕಂಡುಹಿಡಿದರು. 1973ರಲ್ಲಿ ಪೇಟೆಂಟಿಗೆ ಅರ್ಜಿ, 1979ರಲ್ಲಿ ಮಂಜೂರು. (ನಮ್ಮ ಸಾಲದ ಫೈಲುಗಳೇ ವಾಸಿ!) ಈ ಗುರುತಿರುವ ಪ್ರೋಗ್ರಾಮನ್ನು ಯಾರೇ ನಡೆಸಲಿ, ಅದು ಅದರ ಒಡೆಯನ ಅಧಿಕಾರದಲ್ಲೇ ಓಡುತ್ತದೆ. ಪಾಸ್‌ವರ್ಡ್ ಬದಲಿಸುವಂಥ ಕೆಲಸಕ್ಕೆ ಇದು ಬೇಕು. ಆದರೆ ಯೋಚಿಸಿ, ಮನೆಯ ಕಂಪ್ಯೂಟರಿಗೆ ನಾನೇ ರೂಟ್. ಅಲ್ಲಿ ರೂಟ್ ಹೆಸರಲ್ಲಿ ಇಂಥದ್ದೊಂದು ಪ್ರೋಗ್ರಾಂ ಮಾಡಿ, ಪೆನ್ ಡ್ರೈವಿನಲ್ಲಿ ತಂದು ಬೇರೆಯವರ ಯಂತ್ರಕ್ಕೆ ಸಿಕ್ಕಿಸಿದರೆ? ಮ್ಯಾನೇಜರ್ ಸಹಿಯನ್ನು ಮನೆಯಲ್ಲೇ ಹಾಕಿಕೊಂಡು ಬಂದ ಹಾಗೆ.

ಮೊದಲ ಪರಿಹಾರ ‘ಎಫ್‌ಎಸ್‌ಟ್ಯಾಬ್’ ಕಡತದ್ದು. ಅದರಲ್ಲಿ ಒಂದು ಡಿಸ್ಕಿನ ಮುಂದೆ ‘ಯೂಸರ್’ ಅಂತ ಬರೆದರೆ ಅದನ್ನು ಯಾರು ಬೇಕಾದರೂ ಮೌಂಟ್ ಮಾಡಬಹುದು; ಜೊತೆಗೇ ‘ನೋಸುಯಿಡ್’, ‘ನೋಡೆವ್’, ‘ನೋಎಕ್ಸೆಕ್’ ಎಂಬ ಮೂರು ಬೀಗ ತಾವಾಗಿ ಬೀಳುತ್ತವೆ. ಫ್ಲಾಪಿ, ಸಿಡಿಗಳಿಗೆ ಇಷ್ಟು ಸಾಕಿತ್ತು. 2000ದಲ್ಲಿ ಯುಎಸ್‌ಬಿ ಡ್ರೈವ್‌ಗಳು ಮಾರುಕಟ್ಟೆಗೆ ಬಂದವು ನೋಡಿ, ಇವತ್ತು ಒಂದು ಹೆಸರು, ನಾಳೆ ಇನ್ನೊಂದು. ಯಾವುದನ್ನು ಅಂತ ಮೊದಲೇ ಬರೆದಿಡುವುದು?

2003ರಲ್ಲಿ ರೆಡ್ ಹ್ಯಾಟ್‌ನ ಹಾವೊಕ್ ಪೆನ್ನಿಂಗ್ಟನ್, ಯಂತ್ರಾಂಶ ಸಿಕ್ಕಿಸಿದ ಕೂಡಲೇ ಕೆಲಸ ಮಾಡಬೇಕು ಎಂದು ಒಂದು ಲೇಖನ ಬರೆದರು. ಅದರಿಂದ ‘ಹ್ಯಾಲ್’ ಬಂತು. ಮಾರ್ಟಿನ್ ಪಿಟ್ ‘ಪಿಮೌಂಟ್’ ಬರೆದರು. ಕಳಚಬಹುದಾದ ಡಿಸ್ಕಾದರೆ ಮಾತ್ರ ಅದು ಸಾಮಾನ್ಯ ಬಳಕೆದಾರನಿಗೆ ಮೌಂಟ್ ಮಾಡಿಕೊಡುತ್ತಿತ್ತು. ಮುಂದೆ ಇವುಗಳ ಜಾಗಕ್ಕೆ ‘ಯುಡಿಸ್ಕ್ಸ್’ ಮತ್ತು ‘ಪೋಲ್ಕಿಟ್’ ಬಂದವು. ಪೋಲ್ಕಿಟ್ ಕೇಳುವ ಪ್ರಶ್ನೆ ನನಗೆ ಬಹಳ ಹಿಡಿಸಿತು: ಈ ಮನುಷ್ಯ ಯಂತ್ರದ ಎದುರಿಗೇ ಕೂತಿದ್ದಾನೆಯೇ? ಹೌದಾದರೆ ಪೆನ್ ಡ್ರೈವಿಗೆ ಪಾಸ್‌ವರ್ಡ್ ಬೇಡ. ದೂರದಿಂದ ಬಂದವನಿಗೆ, ಒಳಗಿನ ಡಿಸ್ಕ್ ಕೇಳಿದವನಿಗೆ ಬೇಕು. ಕೌಂಟರಿನಲ್ಲಿ ನಾವೂ ಇದನ್ನೇ ತಾನೆ ಮಾಡುವುದು?

ಆದರೂ 2025ರ ಜೂನ್‌ನಲ್ಲಿ ಕ್ವಾಲಿಸ್ ಸಂಸ್ಥೆಯವರು ಒಂದು ತೂತು ತೋರಿಸಿದರು. ಎಕ್ಸ್‌ಎಫ್‌ಎಸ್ ಡಿಸ್ಕಿನ ಗಾತ್ರ ಬದಲಿಸುವಾಗ, ಯುಡಿಸ್ಕ್ಸ್ ಬಳಸುವ ‘ಲಿಬ್‌ಬ್ಲಾಕ್‌ಡೆವ್’ ಅದನ್ನು ಕ್ಷಣಕಾಲ ಮೌಂಟ್ ಮಾಡುತ್ತಿತ್ತು, ನೋಸುಯಿಡ್ ಬೀಗ ಹಾಕದೆಯೇ! ಎದುರಿಗೆ ಕೂತವನು ರೂಟ್ ಆಗಲು ಅಷ್ಟು ಸಾಕಿತ್ತು. ರಿಚಿಯವರ ಅರ್ಜಿಗೆ ಆಗಲೇ ಐವತ್ತು ವರ್ಷ ದಾಟಿತ್ತು. ದುರಸ್ತಿ ಬಂದಿದೆ, ನಿಮ್ಮ ಯಂತ್ರ ಅಪ್‌ಡೇಟ್ ಆಗಿದೆಯೇ, ಒಮ್ಮೆ ನೋಡಿಕೊಳ್ಳಿ.