ಕರ್ಣಾಟಕದ ಪರ್ಣಪಾತ್ರೆಗಳು

ಬೆಂಗಳೂರಿನ ಉತ್ತರಭಾಗದಲ್ಲಿ ರವೀಂದ್ರನಾಥ ಟ್ಯಾಗೋರರ ಹೆಸರನ್ನು ಹೊತ್ತು ಆರ್.ಟಿ. ನಗರವೆಂದು ಪ್ರಸಿದ್ಧವಾಗಿರುವ ಬಡಾವಣೆಯಲ್ಲಿಯೂ ಅದರ ನೆರೆಯ ಹೆಬ್ಬಾಳದಲ್ಲಿಯೂ ‘ದೊನ್ನೆ ಬಿರಿಯಾನಿ’ ಎಂಬ ಫಲಕವುಳ್ಳ ಊಟದ ಮನೆಗಳು ಕಾಣಬರುತ್ತವೆ. ಬಿರಿಯಾನಿ ಎಂಬುದು ಪಾರಸೀ ಮೂಲದ ಶಬ್ದ. ದೊನ್ನೆಯಾದರೋ ಸಂಸ್ಕೃತದ ‘ದ್ರೋಣ’ಶಬ್ದದಿಂದ ಬಂದುದು. ದ್ರೋಣವೆಂದರೆ ಮರದ ತೊಟ್ಟಿ. ಸೋಮಯಾಗದಲ್ಲಿ ರಸವನ್ನು ತುಂಬಿಡುವ ಪಾತ್ರೆಗೆ ದ್ರೋಣಕಲಶವೆಂದು ಹೆಸರು. ಭರದ್ವಾಜರ ಮಗನಿಗೆ ಆ ಹೆಸರು ಬಂದುದೂ ಅಂತಹ ಪಾತ್ರೆಯಲ್ಲಿ ಜನಿಸಿದನೆಂಬ ಕಥೆಯಿಂದಲೇ. ಮರಾಠಿಯಲ್ಲಿ ಎಲೆಯ ಬಟ್ಟಲನ್ನು ಈಗಲೂ ದ್ರೋಣವೆಂದೇ ಕರೆಯುವರು. ಯಜ್ಞಶಾಲೆಯ ಪಾತ್ರೆಯ ಹೆಸರು ಬೀದಿಯ ಎಲೆಬಟ್ಟಲಿಗೆ ಇಳಿದು ಬಂದಿರುವಲ್ಲಿ, ಈ ಪಾತ್ರೆಯ ಚರಿತ್ರೆಯು ವಿಚಾರಾರ್ಹವಾಗಿದೆ.

ಪತ್ರ, ಪಾತ್ರ ಎಂಬ ಶಬ್ದಗಳು ಕಿವಿಗೆ ಒಂದೇ ಕುಲದವೆಂದು ತೋರಿದರೂ ಅವುಗಳ ಧಾತುಗಳು ಬೇರೆ. ಪಾತ್ರಕ್ಕೆ ಪಾನಾರ್ಥಕವಾದ ‘ಪಾ’ ಧಾತುವು ಮೂಲ. ಪತ್ರಕ್ಕೆ ಬೀಳುವುದು, ಹಾರುವುದು ಎಂಬರ್ಥದ ‘ಪತ್’ ಧಾತುವು ಮೂಲ. ವ್ಯಾಕರಣದಲ್ಲಿ ಬೇರೆಯಾದ ಇವೆರಡನ್ನು ಊಟದ ಪಂಕ್ತಿಯು ಕೂಡಿಸಿತು. ಅಮರಕೋಶದಲ್ಲಿ ಎಲೆಯ ಪರ್ಯಾಯಗಳನ್ನು ಹೇಳುವಲ್ಲಿ ‘ಪಲಾಶ’, ‘ಪರ್ಣ’ ಎಂಬ ಹೆಸರುಗಳಿವೆ. ಮುತ್ತುಗದ ಮರದ ಪರ್ಯಾಯಗಳನ್ನು ಹೇಳುವಲ್ಲಿಯೂ ಇವೇ ಎರಡು ಹೆಸರುಗಳಿವೆ. ಎಲೆ ಎಂಬ ಸಾಮಾನ್ಯನಾಮವೇ ಒಂದು ಮರಕ್ಕೆ ವಿಶೇಷನಾಮವಾಗಿ ನಿಂತುದರಿಂದ ಆ ಮರದ ಎಲೆಗಿದ್ದ ಪ್ರಾಶಸ್ತ್ಯವನ್ನು ಊಹಿಸಬಹುದು. ತೈತ್ತಿರೀಯ ಸಂಹಿತೆಯಲ್ಲಿ ಹೋಮದ ಜುಹುವಿಗೆ ಹೇಳಿರುವ ಮರವೂ ಇದೇ. ಬಯಲುಸೀಮೆಯಲ್ಲಿ ಈ ಎಲೆಗಳನ್ನು ಒಣಗಿಸಿ, ಸಣ್ಣ ಕಡ್ಡಿಗಳಿಂದ ಚುಚ್ಚಿ ಹೊಂದಿಸಿದರೆ ಪತ್ರಾವಳಿಯಾಗುವುದು.

ಪಶ್ಚಿಮದ ಮಳೆನಾಡಿನಲ್ಲಿ ಎಲೆಯು ಉಣ್ಣುವ ಪಾತ್ರೆಯಷ್ಟೇ ಅಲ್ಲದೆ ಬೇಯಿಸುವ ಪಾತ್ರೆಯೂ ಆಯಿತು. ಹಲಸಿನ ಎಲೆಗಳನ್ನು ಕಡ್ಡಿಯಿಂದ ಸೇರಿಸಿದ ಕೊಟ್ಟೆಯಲ್ಲಿ ಕಡುಬು ಬೇಯುತ್ತದೆ. ಅಡಕೆಯ ಗೊನೆಗಳಿಗೆ ಕೊಳೆರೋಗ ತಗಲದಂತೆ ಮಳೆಗಾಲದಲ್ಲಿ ಕಟ್ಟುತ್ತಿದ್ದ ಹೊದಿಕೆಗೂ ಕೊಟ್ಟೆಯೆಂದೇ ಹೆಸರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ನರು ಈ ರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದರು. ಹೆಬ್ಬಾಳದ ಕೃಷಿಶಾಲೆಯು 1913ರಲ್ಲಿ ಸ್ಥಾಪಿತವಾದುದೂ ಅವರ ಕಾಲದಲ್ಲಿಯೇ. ಹೀಗೆ ಉಳಿದು ಬೆಳೆದ ತೋಟಗಳಲ್ಲಿ ತಾನಾಗಿ ಕಳಚಿ ಬೀಳುವ ಹಾಳೆಯನ್ನು ತೊಳೆದು, ನೆನೆಸಿ, ಕಾದ ಅಚ್ಚಿನಲ್ಲಿ ಒತ್ತಿ ಇಂದು ತಟ್ಟೆ ಬಟ್ಟಲುಗಳನ್ನು ಮಾಡುತ್ತಾರೆ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಒಮ್ಮೆ ಬಳಸಿ ಬಿಸುಡುವ ಪದ್ಧತಿಯು ಪ್ಲಾಸ್ಟಿಕ್ಕಿನೊಡನೆ ಹುಟ್ಟಿದುದೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಅದು ಸರಿಯಲ್ಲ. ಉಂಡೆಲೆಯು ಉಚ್ಛಿಷ್ಟ, ಅದರಲ್ಲಿ ಮತ್ತೊಬ್ಬರು ಉಣ್ಣಲಾಗದೆಂಬ ಎಂಜಲಿನ ನಿಯಮವೇ ಈ ಪದ್ಧತಿಗೆ ಆಧಾರ. ಆದರೆ ಬಿಸುಟ ಎಲೆಯು ದನದ ಬಾಯಿಗೋ ಹಿತ್ತಲಿನ ತಿಪ್ಪೆಗೋ ಸೇರಿ, ತಿಪ್ಪೆಯು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿತ್ತು. ಪರ್ಣಪಾತ್ರೆಯು ನಿರ್ದೋಷವಾಗಿದ್ದುದು ಎಲೆಯ ಗುಣದಿಂದ ಎಷ್ಟೋ, ತಿಪ್ಪೆಯ ಗುಣದಿಂದಲೂ ಅಷ್ಟೇ. ಪ್ಲಾಸ್ಟಿಕ್ ಬಂದಾಗ ಬಿಸುಡುವ ಅಭ್ಯಾಸವು ಹಾಗೆಯೇ ಉಳಿಯಿತು. ದ್ರವ್ಯವು ಮಾತ್ರ ಬದಲಾಯಿತು. ನಗರ ಬೆಳೆದಂತೆ ಹಿತ್ತಲೂ ತಿಪ್ಪೆಯೂ ಮಾಯವಾದವು.

ಇದರ ಫಲವನ್ನು ಅನುಭವಿಸಿದವರು ನಗರದ ಹೊರಗಿನ ಹಳ್ಳಿಯವರು. ಯಲಹಂಕದ ಕಡೆಯ ಮಾವಳ್ಳಿಪುರದಲ್ಲಿ ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಸುರಿದು, ಗ್ರಾಮಸ್ಥರ ಪ್ರತಿಭಟನೆಯ ಬಳಿಕ 2012ರಲ್ಲಿ ನಿಲ್ಲಿಸಬೇಕಾಯಿತು. ಕರ್ನಾಟಕ ಸರ್ಕಾರವು 2016ರ ಮಾರ್ಚಿಯಲ್ಲಿ ಪ್ಲಾಸ್ಟಿಕ್ಕಿನ ಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ತಟ್ಟೆ ಲೋಟ ಮೊದಲಾದವುಗಳ ನಿಷೇಧವು ದೇಶಕ್ಕೆಲ್ಲ ಅನ್ವಯಿಸಿತು.

ನಿಷೇಧದ ಬೆನ್ನಿಗೆ ಸಸ್ಯಜನ್ಯವಾದ ಹೊಸ ಪ್ಲಾಸ್ಟಿಕ್ಕುಗಳು ಪೇಟೆಗೆ ಬಂದಿವೆ. ಜೋಳದ ಪಿಷ್ಟ ಅಥವಾ ಕಬ್ಬಿನ ಸಕ್ಕರೆಯನ್ನು ಹುದುಗಿಸಿ ಪಡೆದ ಲ್ಯಾಕ್ಟಿಕ್ ಆಮ್ಲದಿಂದ ಮಾಡುವ ಪಾಲಿಲ್ಯಾಕ್ಟಿಕ್ ಆಮ್ಲವು ಇವುಗಳಲ್ಲಿ ಮುಖ್ಯವಾದುದು. ಸಸ್ಯದಿಂದ ಹುಟ್ಟುವುದು ಬೇರೆ, ಮಣ್ಣಿಗೆ ಮರಳುವುದು ಬೇರೆ ಎಂಬ ವಿವೇಕವು ಇಲ್ಲಿ ಅವಶ್ಯಕ. ಗೊಬ್ಬರವಾಗುವ ಪ್ಲಾಸ್ಟಿಕ್ಕೆಂಬ ಹೆಸರಿಗೆ ಅರ್ಹವಾಗಲು ವಸ್ತುವು 58 ಡಿಗ್ರಿ ಸೆಲ್ಸಿಯಸ್ ಸಮೀಪದ ಶಾಖದಲ್ಲಿ, 180 ದಿನಗಳೊಳಗೆ, ತನ್ನ ಇಂಗಾಲದ 90 ಶೇಕಡವನ್ನು ಅಂಗಾರಾಮ್ಲ ವಾಯುವಾಗಿ ಬಿಡಬೇಕೆಂದು ಪರೀಕ್ಷೆಯ ವಿಧಿ. ಅಂತಹ ಶಾಖವು ದೊಡ್ಡ ಗೊಬ್ಬರದ ರಾಶಿಗಳಲ್ಲಿ ನಿಲ್ಲುವುದೇ ಹೊರತು ಬೀದಿಯ ಚರಂಡಿಯಲ್ಲಾಗಲಿ ಮನೆಯ ಕುಂಡದಲ್ಲಾಗಲಿ ನಿಲ್ಲದು. ಮುತ್ತುಗದ ಎಲೆಗೆ ಈ ನಿರ್ಬಂಧವಿಲ್ಲ.

ಹಾಗೆಂದು ಎಲೆಯಾದುದೆಲ್ಲ ಪರೀಕ್ಷೆಗೆ ಅತೀತವೆಂದು ಹೇಳಲಾಗದು. ಅಡಕೆಯ ಹಾಳೆಯಿಂದ ಆಲ್ಕಲಾಯ್ಡುಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣದಿಂದ ಅಮೆರಿಕೆಯ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಹಾಳೆಯ ತಟ್ಟೆಗಳಿಗೆ ವಿರುದ್ಧವಾದ ನಿಲುವನ್ನು ತಳೆಯಿತು. ಇದು ತೋಟಗಾರರ ಮತ್ತು ತಟ್ಟೆ ಒತ್ತುವವರ ಜೀವನಕ್ಕೆ ಸಂಬಂಧಿಸಿದ ವಿಷಯ. ರೂಢಿಯ ಬಲದಿಂದಲ್ಲದೆ ಪ್ರಯೋಗದ ಬಲದಿಂದಲೇ ಇದಕ್ಕೆ ಸಮಾಧಾನ ದೊರೆಯಬೇಕು.

ಇಷ್ಟರಿಂದ ಸಿದ್ಧವಾಗುವುದೇನೆಂದರೆ: ಪಾತ್ರೆಯ ಯೋಗ್ಯತೆಗೆ ಮೂರು ಅಂಗಗಳುಂಟು; ಅದು ಹುಟ್ಟಿದ ಮೂಲ, ಉಣ್ಣುವವನಿಗೆ ನಿರಪಾಯತೆ, ಉಂಡ ಮೇಲಿನ ಗತಿ. ಇಂದಿನ ವ್ಯಾಪಾರವು ಮೊದಲನೆಯದನ್ನು ಘೋಷಿಸುತ್ತದೆ. ಶಾಸನವು ಮೊದಲೆರಡನ್ನು ಹೆಚ್ಚಾಗಿ ನೋಡುತ್ತದೆ. ಮೂರನೆಯದಕ್ಕೆ ಸ್ಥಳ ಬೇಕು. ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವು 1975ರಲ್ಲಿ ಸ್ಥಾಪಿತವಾದುದು ಇಂತಹ ಸ್ಥಳದ ಆವಶ್ಯಕತೆಯನ್ನು ಅರಿತೇ. ಆರ್.ಟಿ. ನಗರದಂತಹ ಬಡಾವಣೆಗಳಲ್ಲಿ ಹಸಿಕಸವನ್ನು ಬೇರ್ಪಡಿಸಿ ಗೊಬ್ಬರದ ರಾಶಿಗೆ ತಲಪಿಸುವ ಏರ್ಪಾಡು ನಿಲ್ಲದಿದ್ದರೆ, ದೊನ್ನೆಯಾಗಲಿ ಸಸ್ಯಜನ್ಯ ಪ್ಲಾಸ್ಟಿಕ್ಕಾಗಲಿ ಮತ್ತೊಂದು ಹಳ್ಳಿಯ ಅಂಚಿಗೇ ಹೋಗಿ ಸೇರುವುದು.