ದಣಿವಿನ ಮಾತುಗಳು, ದುಂಡಿನ ಮಾತುಗಳು

ಇಂಗ್ಲಿಷ್ ಭಾಷೆಯಲ್ಲಿ 'ಟಾಯರ್' ಎಂಬುದೊಂದು ಮಾತುಂಟು. ಅದಕ್ಕೆ ದಣಿ ಎಂಬರ್ಥವೂ ಆಗುವದು, ಗಾಲಿಯ ಸುತ್ತಲಿನ ಪಟ್ಟಿ ಎಂಬರ್ಥವೂ ಆಗುವದು. ಬಹುದೂರ ಉರುಳಿದ ಗಾಲಿ ದಣಿಯುವದರಿಂದ ಈ ಹೆಸರು ಬಂದಿತೆಂದು ವಿನೋದಕ್ಕಾಗಿ ಹೇಳಬಹುದು. ಇತಿಹಾಸವು ಅದನ್ನು ಒಪ್ಪುವದಿಲ್ಲ. ದಣಿವಿನ ಟಾಯರ್ ಆ ನಾಡಿನ ಹಳೆಯ ದೇಶ್ಯ ಶಬ್ದ. ಗಾಲಿಯ ಟಾಯರ್ ಆದರೋ ಉಡುಗೆ ಎಂಬರ್ಥದ 'ಅಟಾಯರ್' ಎಂಬ ಫ್ರೆಂಚ್ ಮೂಲದ ಮಾತಿನ ತುಂಡು. ೧೫ನೆಯ ಶತಮಾನದಲ್ಲಿ ಬಳಕೆಗೆ ಬಂದುದು. ಗಾಲಿಗೆ ತೊಡಿಸಿದ ಕಬ್ಬಿಣವು ಅದರ ಉಡುಗೆಯೆಂಬ ಭಾವನೆ. ಬೇರೆ ಬೇರೆ ಮನೆಗಳಲ್ಲಿ ಹುಟ್ಟಿದ ಎರಡು ಮಾತುಗಳು ಉಚ್ಚಾರದಲ್ಲಿ ಒಂದಾಗಿ, ನಿಘಂಟಿನ ಒಂದೇ ಪುಟದಲ್ಲಿ ನೆರೆಹೊರೆಯಾಗಿ ಕುಳಿತಿವೆ.

ಈ ಎರಡು ಅರ್ಥಗಳ ಸುತ್ತ ಇಂಗ್ಲಿಷಿನಲ್ಲಿರುವ ಸಮಾನಾರ್ಥಕ ಪದಗಳನ್ನು ಜಾಲಾಡಿದರೆ ಆ ಜನಾಂಗದ ಚರಿತ್ರವೇ ಹೊರಬೀಳುವದು. 'ವೇರಿ' ಎಂಬುದು ಒಕ್ಕಲಿಗರ ಹಳೆಯ ಮಾತು. 'ಫಟೀಗ್' ಎಂಬುದು ಲ್ಯಾಟಿನ್ ಮೂಲದಿಂದ ಫ್ರೆಂಚರ ಮೂಲಕ ಬಂದುದು. 'ಎಗ್ಝಾಸ್ಟ್' ಎಂಬ ಪಂಡಿತರ ಮಾತಿಗೆ ಮೂಲದಲ್ಲಿ ನೀರನ್ನು ಪೂರಾ ಸೇದಿ ಹಾಕು ಎಂದರ್ಥ. ಇಂದು ದುಃಖವನ್ನು ಸೂಚಿಸುವ 'ಸ್ಯಾಡ್' ಎಂಬ ಶಬ್ದವು ಸಾವಿರ ವರ್ಷಗಳ ಹಿಂದೆ ತೃಪ್ತಿಯನ್ನೂ ದಣಿವನ್ನೂ ಸೂಚಿಸುತ್ತಿತ್ತು. ದುಂಡಿನ ಮಾತುಗಳೂ ಹೀಗೆಯೇ. 'ರಿಂಗ್' ಹಳೆಯದು, 'ರೌಂಡ್' ಫ್ರೆಂಚರಿಂದ, 'ಸರ್ಕಲ್' ಲ್ಯಾಟಿನ್ನಿನಿಂದ. ಅವರ 'ವ್ಹೀಲ್' ಎಂಬುದೂ ಗ್ರೀಕರ 'ಕೂಕ್ಲೋಸ್' ಎಂಬುದೂ ನಮ್ಮ ಚಕ್ರವೂ ಒಂದೇ ಬೇರಿನ ಚಿಗುರುಗಳು. ಆ ಗ್ರೀಕ ಶಬ್ದವೇ ಸಾಯಕಲ್ಲಿನ ರೂಪದಿಂದ ಇಂಡಿಯ ಪೇಟೆಗೂ ಬಂದಿರುವದರಿಂದ, ಸಾಯಕಲ್ಲಿನ ಚಕ್ರವೆಂದವನು ಚಕ್ರದ ಚಕ್ರವೆಂದಂತೆಯೇ ಸರಿ.

ಇಂಥ ಪದಗಳನ್ನು ಅರ್ಥದ ಮೇಲಿಂದ ಗುಂಪುಮಾಡಿ ಲಂಡನ್ನಿನ ವೈದ್ಯನಾದ ರೋಜೆ ೧೮೫೨ರಲ್ಲಿ ಪ್ರಕಟಿಸಿದ ಕೋಶವು ಹೆಸರಾಯಿತು. ಆದರೆ ಕನ್ನಡಿಗರಿಗೆ ಈ ಪದ್ಧತಿಯು ಹೊಸದಲ್ಲ. ಅಮರಕೋಶದ ವರ್ಗಗಳನ್ನು ಬಾಯಿಪಾಠ ಮಾಡಿದ ನಾಡಿದು. ಕಲ್ಯಾಣದ ಚಾಲುಕ್ಯರ ಕಾಲದ ನಾಗವರ್ಮನು 'ಅಭಿಧಾನ ವಸ್ತುಕೋಶ'ದಲ್ಲಿ ಸಂಸ್ಕೃತ ಶಬ್ದಗಳಿಗೆ ಕನ್ನಡದಲ್ಲಿ ಅರ್ಥ ಹೇಳಿದನು. ೧೩೯೮ರಲ್ಲಿ ಮಂಗರಾಜನು, ೧೬ನೆಯ ಶತಮಾನದಲ್ಲಿ 'ಕಬ್ಬಿಗರ ಕೈಪಿಡಿ'ಯ ಲಿಂಗಮಂತ್ರಿಯು ಅದೇ ದಾರಿಯಲ್ಲಿ ನಡೆದರು. ಇವು ಕವಿಗಳಿಗಾಗಿ ಹುಟ್ಟಿದ ಗ್ರಂಥಗಳು. ಪ್ರಾಸಕ್ಕೆ ಒಂದು ಮಾತು ಒದಗದಿದ್ದರೆ ಇನ್ನೊಂದು ಒದಗಲಿ ಎಂಬುದೇ ಅವುಗಳ ಮುಖ್ಯ ಚಿಂತೆ. ಹೊಲದಲ್ಲಿ ಯಾರು ಯಾವ ಮಾತನ್ನು ಆಡುವರೆಂಬುದಲ್ಲ.

ಹೊಲದ ಮಾತನ್ನು ಕೇಳಬೇಕಾದರೆ ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳಗಳ ಸೀಮೆಯೇ ಒಳ್ಳೆಯದು. ಏಕೆಂದರೆ ಇಲ್ಲಿ ಒಂದರ ಮೇಲೊಂದು ರಾಜ್ಯಗಳು ಬಂದು ಹೋಗಿ, ಪ್ರತಿಯೊಂದೂ ತನ್ನ ಮಾತನ್ನು ಬಿಟ್ಟು ಹೋಗಿದೆ. ಎಲ್ಲಕ್ಕೂ ಕೆಳಗಿನ ನೆಲೆ ಅಚ್ಚಗನ್ನಡದ್ದು. ದಣಿ, ಬಳಲು, ಸೋಲು, ಬೇಸರ ಎಂಬಿವು ಒಂದೇ ಅರ್ಥದವೆಂದು ಕೋಶಗಳು ಹೇಳಿದರೂ ಜನರು ಅವನ್ನು ಬೆರಸುವದಿಲ್ಲ. ದಣಿಯುವದು ದುಡಿದ ಮೈ. ಬೇಸರವು ಮನಸ್ಸಿನದು, ದುಡಿಯದವನಿಗೂ ಅದು ಬರುವದು, ಅವನಿಗೇ ಹೆಚ್ಚಾಗಿ ಬರುವದು. ಕಾಲು ಸೋತವು ಎಂಬಲ್ಲಿ ಯುದ್ಧದ ಸೋಲೇ ಮೈಗೆ ಇಳಿದಿದೆ. ದಣಿ ಎಂಬುದಕ್ಕೆ ತೃಪ್ತಿಪಡು ಎಂಬ ಅರ್ಥವೂ ಉಂಟಷ್ಟೆ. ಕಣ್ಣು ದಣಿಯುವಂತೆ ನೋಡುವದೆಂದರೆ ಕಣ್ಣಿಗೆ ಆಯಾಸವಾಗುವದಲ್ಲ, ತುಂಬಿಬರುವದು. ಇಂಗ್ಲಿಷರ ಸ್ಯಾಡ್ ಎಂಬ ಮಾತು ಹೊತ್ತಿದ್ದ ಎರಡು ಅರ್ಥಗಳನ್ನೇ ನಮ್ಮ ಮಾತೂ ಹೊತ್ತಿದೆ. ಅವರದು ಎರಡನ್ನೂ ಬಿಟ್ಟು ದುಃಖಕ್ಕೆ ಇಳಿಯಿತು; ನಮ್ಮದು ಎರಡನ್ನೂ ಉಳಿಸಿಕೊಂಡಿದೆ.

ಅದರ ಮೇಲಣ ನೆಲೆ ಸಂಸ್ಕೃತದ್ದು. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಯನ್ನು ೯೪೫ರ ಶಾಸನವು ಹೇಳುತ್ತದೆ. ಬೇರೆ ಬೇರೆ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ ಅಲ್ಲಿ ೨೭ ಮನೆಗಳಿದ್ದವು. ಶಾಲೆಯಿದ್ದ ಪಾವಿಟ್ಟಗೆಯೇ ಸಾಲೋಟಗಿಯಾಯಿತೆಂದು ವಿದ್ವಾಂಸರು ಹೇಳುವರು. ಇಂಥ ಶಾಲೆಗಳಿಂದಲೇ ಶ್ರಮ, ಆಯಾಸ, ವೃತ್ತ, ಮಂಡಲಗಳು ಊರಿಗೆ ಇಳಿದವು. ಶ್ರಮವೆಂದರೆ ಸಂಸ್ಕೃತದಲ್ಲಿ ದುಡಿತವೂ ಹೌದು, ದಣಿವೂ ಹೌದು. ವೃತ್ತವು ಪ್ರಾಕೃತದಲ್ಲಿ ವಟ್ಟವಾಗಿ ಕನ್ನಡದಲ್ಲಿ ಬಟ್ಟವಾಯಿತು. ಆದರೂ ಗುಂಡು, ದುಂಡು, ಬಳೆ, ತಿಗರಿಗಳು ಸ್ಥಾನ ಬಿಡಲಿಲ್ಲ. ಕುಂಬಾರನ ತಿಗರಿಯು ತಿರುಗುವದರ ನಂಟು. ಗುಂಡೆಂದರೆ ಕೈಗೆ ತೂಕ ತಿಳಿಯುವ ದುಂಡು. ನಡುವೆ ಬಯಲಿರುವ ಬಳೆಯನ್ನು ಯಾರೂ ಗುಂಡೆನ್ನರು. ಹರಿಹರನ ರಗಳೆಯಲ್ಲಿ ಬರುವ ಕುಂಬಾರ ಶರಣನ ಹೆಸರು ಗುಂಡಯ್ಯನೆಂಬುದು ಇಲ್ಲಿ ನೆನಪಾಗದೆ ಇರದು.

ಆದಿಲಶಾಹಿಯ ಎರಡು ಶತಮಾನಗಳು ಪಾರಸಿಯನ್ನು ತಂದವು. ಪಾರಸಿಯಲ್ಲಿ ಸಡಿಲು, ಸೋಮಾರಿ ಎಂಬರ್ಥದ 'ಸುಸ್ತ' ಎಂಬುದು ಇಲ್ಲಿಯ ಒಕ್ಕಲಿಗನ ಬಾಯಲ್ಲಿ ಸುಸ್ತಾಗಿ, ದುಡಿದವನ ನಿಶ್ಶಕ್ತಿಯನ್ನು ಹೇಳತೊಡಗಿತು. ಬೈಗುಳವಾಗಿದ್ದುದು ಮರುಕವಾದ ಈ ಮಾರ್ಪಾಡು ಸಣ್ಣದಲ್ಲ. ದುಂಡಿನ ಕಡೆಯಿಂದ ನೋಡಿದರೆ ೧೬೫೬ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಗೋರಿಯ ಮೇಲಿನ ಗೋಲ ಗುಮ್ಮಟವು ಎದ್ದು ಕಾಣುವದು. ಗುಮ್ಮಟವು ಪಾರಸಿಯ ಗುಂಬದ. ಗೋಲವು ಸಂಸ್ಕೃತದ್ದೇ ಆಗಿ ಹಿಂದುಸ್ತಾನಿಯ ದಾರಿಯಿಂದ ತಿರುಗಿ ಮನೆಗೆ ಬಂದುದು. ಬೆಳ್ಗೊಳದ ಗೊಮ್ಮಟನಿಗೂ ಈ ಗುಮ್ಮಟಕ್ಕೂ ಯಾವ ಸಂಬಂಧವೂ ಇಲ್ಲ. ೧೭೬೦ರಲ್ಲಿ ವಿಜಾಪುರವು ಪೇಶವೆಯರ ಕೈಸೇರಿದ ಬಳಿಕ ಮರಾಠಿಯ ಬಲವು ಹೆಚ್ಚಿತು. ಸಂಸ್ಕೃತದಲ್ಲಿ ಅಂಜಿಕೆಯಾಗಿದ್ದ ತ್ರಾಸವು ಮರಾಠಿಯಲ್ಲಿ ತೊಂದರೆಯಾಗಿ, ಆ ಅರ್ಥದಿಂದಲೇ ಇಲ್ಲಿ ನೆಲೆನಿಂತಿತು.

ಇನ್ನು ಇಂಗ್ಲಿಷ್ ಕೋಶಕಾರರ ಮಾತು. ಬಳ್ಳಾರಿಯ ಪಾದ್ರಿ ವಿಲಿಯಮ್ ರೀವನ ಇಂಗ್ಲಿಷ್-ಕನ್ನಡ ಕೋಶವು ೧೮೨೪ರಲ್ಲಿಯೂ ಕನ್ನಡ-ಇಂಗ್ಲಿಷ್ ಕೋಶವು ೧೮೩೨ರಲ್ಲಿಯೂ ಬಂದವು. ೧೮೫೩ರಲ್ಲಿ ಈ ದೇಶಕ್ಕೆ ಬಂದ ಕಿಟ್ಟೆಲನ ಕೋಶವು ಸುಮಾರು ೭೦,೦೦೦ ಶಬ್ದಗಳೊಡನೆ ೧೮೯೪ರಲ್ಲಿ ಮಂಗಳೂರಿನಿಂದ ಹೊರಬಿದ್ದಿತು. ಆತನು ತದ್ಭವ ಯಾವದು, ಮರಾಠಿ ಯಾವದು, ಹಿಂದುಸ್ತಾನಿ ಯಾವದು ಎಂದು ಗುರುತು ಹಾಕಿ ಕೊಟ್ಟುದು ಮಹೋಪಕಾರವೇ ಸರಿ. ಆದರೆ ಇಂಥ ಕೋಶಗಳು ಶಾಲೆಗೆ ಇಳಿದು ಸಂಕ್ಷೇಪವಾದಾಗ ಒಂದು ಹಾನಿಯಾಯಿತು. 'ಫಟೀಗ್ ಎಂದರೆ ಆಯಾಸ' ಎಂದು ಕಲಿತ ಹುಡುಗನು ಮನೆಯಲ್ಲಿ ಕೇಳಿದ ದಣಿವು, ಸುಸ್ತು, ಬಳಲಿಕೆಗಳನ್ನು ಬರೆಯಲು ನಾಚಿದನು. ಒಂದು ಇಂಗ್ಲಿಷ್ ಶಬ್ದಕ್ಕೆ ಒಂದು ಕನ್ನಡ ಶಬ್ದವೆಂಬ ಲೆಕ್ಕದಲ್ಲಿ ಉಳಿದುದು ಸಂಸ್ಕೃತದ್ದು. ಹೊರಬಿದ್ದುದು ತಾಯಿಯ ಮಾತು.

ಅಕ್ಷರಕ್ರಮದ ಕೋಶವು ಇನ್ನೊಂದು ಕೌತುಕವನ್ನೂ ತೋರಿಸುವದು. ಬಳಲು, ಬಳಸು, ಬಳೆ ಎಂಬಿವು ಈಗಿನ ಬರೆಹದಲ್ಲಿ ಹತ್ತಿರ ಹತ್ತಿರ ಕೂಡ್ರುವವು: ಒಂದು ದಣಿವು, ಉಳಿದೆರಡು ಸುತ್ತು. ಬಳಸುವದೆಂದರೆ ಸುತ್ತುವರಿಯುವದು, ಬಳೆಯು ಅದರ ಬಂಧು. ಬಳಲಿಕೆಯಾದರೋ ಹೊರಗಿನದು. ಹಳಗನ್ನಡದಲ್ಲಿ ಅದರ ಅಕ್ಷರವು ೞ, ಬಳೆಯದು ಳ. ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಕಾದಿಡಲು ಯತ್ನಿಸಿದ ಆ ೞಕಾರವು ಅಳಿದ ಮೇಲೆ ದಣಿವೂ ದುಂಡೂ ಒಂದೇ ಅಕ್ಷರದ ಮನೆಯಲ್ಲಿ ಕೂಡಿದವು. ಇಂಗ್ಲಿಷಿನ ಟಾಯರಿಗೆ ಆದ ಗತಿಯೇ ಇಲ್ಲಿಯೂ ಅರ್ಧದಷ್ಟು ಆಗಿದೆಯೆನ್ನಬೇಕು.

ದಣಿವೂ ದುಂಡೂ ನಿಜವಾಗಿ ಕೂಡುವದು ದುಡಿತದಲ್ಲಿ. ಗಾಣದೆತ್ತು ದಣಿಯುವದು ಸುತ್ತಿಯೇ. ನೀರಿನ ಕೊಡ ಹೊರುವ ಹೆಂಗಸು ತಲೆಯ ಮೇಲೆ ಅರಿವೆಯ ಸಿಂಬಿ ಇಟ್ಟುಕೊಳ್ಳುವಳು. ಭಾರವನ್ನು ತಾಳುವ ಆ ದುಂಡು ಕಟ್ಟಿಗೆ ಇಂಗ್ಲಿಷಿನಲ್ಲಿ ಜನರ ಬಾಯಲ್ಲಿರುವ ಒಂದು ಮಾತಿಲ್ಲ. ಬಾವಿಯ ಗಡಗಡಿಯು ತನ್ನ ಸದ್ದಿನಿಂದಲೇ ಹೆಸರು ಪಡೆದುದು. ಬಾವಿಗೆ ಪಂಪು, ಮನೆಗೆ ನಳ, ಗಾಣಕ್ಕೆ ಯಂತ್ರ ಬಂದ ಮೇಲೆ ಇವನ್ನು ಆಡುವ ಬಾಯಿಗಳು ಕಡಿಮೆಯಾದವು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ೧೯೭೦ರಿಂದ ೧೯೯೫ರ ವರೆಗೆ ಎಂಟು ಸಂಪುಟಗಳಲ್ಲಿ ಬಂದಿತು. ಅದು ಬಹುವಾಗಿ ಶಾಸನ ಮತ್ತು ಗ್ರಂಥಗಳ ಪ್ರಯೋಗವನ್ನು ಆಧರಿಸಿದುದು. ಬರೆಹಕ್ಕೆ ಬಾರದ ಮಾತನ್ನು ತಾಲೂಕು ತಾಲೂಕಿಗೆ ಹೋಗಿ, ಗಾಲಿ ಕಟ್ಟಿದ ಬಡಿಗನನ್ನೂ ಸಿಂಬಿ ಸುತ್ತಿದ ಅಜ್ಜಿಯನ್ನೂ ಕೇಳಿ ಬರೆದುಕೊಳ್ಳಬೇಕು, ಅವರಿರುವಾಗಲೇ ಬರೆದುಕೊಳ್ಳಬೇಕು.

೧೮೮೮ರಲ್ಲಿ ಬೆಲ್ಫಾಸ್ಟಿನ ಡನ್ಲಪ್ ಗಾಳಿ ತುಂಬಿದ ರಬ್ಬರ ಪಟ್ಟಿಗೆ ಪೇಟೆಂಟು ಪಡೆದನು. ಕಾಲಾಂತರದಲ್ಲಿ ಅದು ಈ ಸೀಮೆಯ ಎತ್ತಿನ ಬಂಡಿಗೂ ಬಂದು, 'ಟಾಯರ ಬಂಡಿ' ಎಂಬ ಹೆಸರು ಹುಟ್ಟಿತು. ಇಂಗ್ಲಿಷಿನ ಎರಡು ಟಾಯರುಗಳಲ್ಲಿ ಕನ್ನಡಕ್ಕೆ ಬಂದುದು ಗಾಲಿಯದೊಂದೇ. ಅದನ್ನು ಎಳೆದ ಎತ್ತುಗಳು ಸಂಜೆಗೆ ಮನೆ ಮುಟ್ಟಿದಾಗ ಇಂಡಿಯ ಒಕ್ಕಲಿಗನು ಇಂದಿಗೂ ಎತ್ತು ದಣಿದವು ಎಂದೇ ಹೇಳುವನು.